ಹುಲ್ಲುಗಾವಲ ಸೀಮೆಯ ಕನ್ನಡಿಗರಿಗೆ ನೀರಿನ ವಿಷಯವಾಗಿ ಒಂದು ಬಹಿರಂಗ ಪತ್ರ

ಕೆನಡಾ ದೇಶದ ಸಸ್ಕಾಚವಾನ್, ಮ್ಯಾನಿಟೋಬಾ, ಆಲ್ಬರ್ಟಾ ಪ್ರಾಂತ್ಯಗಳಲ್ಲಿ ನೆಲೆಸಿರುವ ಕನ್ನಡ ಬಂಧುಗಳಿಗೆ, ಅವರಲ್ಲಿಯೂ ವಿಶೇಷವಾಗಿ ಎಂಜಿನಿಯರುಗಳಾಗಿ ದುಡಿಯುತ್ತಿರುವ ತರುಣ ತರುಣಿಯರಿಗೆ,

ಹೋದ ವರ್ಷದ ಬೇಸಗೆಯಲ್ಲಿ, ಮಗಳು ಅಳಿಯಂದಿರ ಒತ್ತಾಯಕ್ಕೆ ಮಣಿದು ಮೂರು ತಿಂಗಳ ಕಾಲ ನಾನು ಸಸ್ಕಾಟೂನ್ ನಗರದಲ್ಲಿದ್ದಾಗ, ನೀವು ನದೀತೀರದ ಉದ್ಯಾನವೊಂದರಲ್ಲಿ ಏರ್ಪಡಿಸಿದ್ದ ವನಭೋಜನಕ್ಕೆ ನನ್ನನ್ನು ಕರೆದೊಯ್ದು, ಬಿಸಿಬೇಳೆಬಾತನ್ನೂ ಚಿರೋಟಿಯನ್ನೂ ಬಡಿಸಿ, ಮುದುಕನೆಂಬ ಕಾರಣದಿಂದ ನೆರಳಿನಲ್ಲಿ ಕುರ್ಚಿ ಹಾಕಿ ಕೂರಿಸಿ ಆದರಿಸಿದಿರಿ. ಆ ಋಣವನ್ನು ಮರೆತವನಲ್ಲ. ಅಂದು ಕಾಯಿಸಿ ಆರಿಸಿದ ನೀರು ಸಿಕ್ಕೀತೆ ಎಂದು ನಾನು ಸಂಕೋಚದಿಂದ ಕೇಳಿದಾಗ ನಿಮ್ಮಲ್ಲೊಬ್ಬರು ತರುಣರು ನಕ್ಕು, ಅಲ್ಲಿಯೇ ಇದ್ದ ನಲ್ಲಿಯಿಂದ ಲೋಟ ತುಂಬಿ ನನ್ನ ಕೈಗೆ ಕೊಟ್ಟು, “ಇಲ್ಲಿ ನಲ್ಲಿ ನೀರನ್ನೇ ಧೈರ್ಯವಾಗಿ ಕುಡಿಯಬಹುದು ಸಾರ್, ಈ ದೇಶದಲ್ಲಿ ನೀರಿನ ತೊಂದರೆ ಅನ್ನೋದೇ ಇಲ್ಲ” ಎಂದರು. ನಾನು ಕುಡಿದೆ; ನೀರು ಚೆನ್ನಾಗಿತ್ತು. ಅವರ ಮಾತಿನ ಮೊದಲ ಅರ್ಧ ಸತ್ಯವೆಂದೂ ಎರಡನೆಯ ಅರ್ಧ ಸತ್ಯವಲ್ಲವೆಂದೂ ಅಲ್ಲಿಯೇ ಹೇಳಬೇಕೆಂದಿದ್ದೆನಾದರೂ, ಬಾಯಲ್ಲಿ ಚಿರೋಟಿಯಿತ್ತು, ಮತ್ತು ಉಣ್ಣಿಸಿದವರ ಎದುರಿಗೆ ವಾದ ಹೂಡುವುದು ನಮ್ಮ ಕಡೆಯ ಪದ್ಧತಿಯಲ್ಲ. ಅಂದು ನುಂಗಿಕೊಂಡ ಉತ್ತರವೇ ಈ ಪತ್ರ.

ನೀರಿನ ವಿಷಯದಲ್ಲಿ ನನಗಿರುವ ಅಧಿಕಾರ ಅಲ್ಪವಾದದ್ದು. ನಾನು ಮೂವತ್ತು ವರ್ಷ ರಸಾಯನಶಾಸ್ತ್ರವನ್ನು ಬೋಧಿಸಿ ನಿವೃತ್ತನಾದವನು. ಹುಟ್ಟಿದ್ದು ಪಾವಗಡದ ಸೀಮೆಯಲ್ಲಿ, ಅಂದರೆ ಗ್ರಾನೈಟ್ ಬಂಡೆಯನ್ನು ಸಾವಿರ ಅಡಿ ಕೊರೆದು ಮೇಲೆತ್ತಿದ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡು ಬೆರೆತು ಬರುವ, ಮಕ್ಕಳ ಹಲ್ಲಿನ ಮೇಲೆ ಕಂದುಗೆರೆಯೂ ಮುದುಕರ ಮೊಣಕಾಲಿನಲ್ಲಿ ಬಾಗೂ ನೀರಿನ ಸಹಿಯಾಗಿ ಉಳಿಯುವ ನಾಡಿನಲ್ಲಿ. ಕಣ್ಣಿಗೆ ತಿಳಿಯಾಗಿ, ನಾಲಗೆಗೆ ಸಿಹಿಯಾಗಿ, ಮೂಗಿಗೆ ನಿರ್ಗಂಧವಾಗಿ ಇರುವ ನೀರು ಒಳಗಿನಿಂದ ಮನುಷ್ಯನನ್ನು ಹೇಗೆ ಸವೆಸಬಲ್ಲುದೆಂಬುದನ್ನು ನಾನು ಪುಸ್ತಕದಲ್ಲಿ ಓದುವುದಕ್ಕೆ ಮೊದಲೇ ನನ್ನ ಸೋದರಮಾವನ ನಡಿಗೆಯಲ್ಲಿ ಕಂಡಿದ್ದೆ. ಆದಕಾರಣ, ನಿಮ್ಮ ನಗರದ ಸಾರ್ವಜನಿಕ ಗ್ರಂಥಾಲಯದಲ್ಲಿ ಕಾಲ ಕಳೆಯುತ್ತಿದ್ದ ಒಂದು ಮಧ್ಯಾಹ್ನ, ನೀವು ವಾಸವಾಗಿರುವ ಪ್ರಾಂತ್ಯದಲ್ಲಿಯೇ, ಕಾರಿನಲ್ಲಿ ಹೊರಟರೆ ಊಟದ ಹೊತ್ತಿಗೆ ತಲಪಬಹುದಾದ ದೂರದಲ್ಲಿ, ಒಂದು ಸಣ್ಣ ಜನಸಮುದಾಯವು ಒಂಬತ್ತು ವರ್ಷಗಳ ಕಾಲ ನಲ್ಲಿಯ ನೀರನ್ನು ಕುದಿಸದೆ ಬಾಯಿಗಿಡಲಾರದೆ ಬದುಕಿತ್ತೆಂಬ ವೃತ್ತಾಂತವನ್ನು ಓದಿದಾಗ, ಅದು ಪರದೇಶದ ಸುದ್ದಿಯೆಂದು ನನಗೆ ತೋರಲಿಲ್ಲ.

ಆ ಸಮುದಾಯದ ಹೆಸರು ಯೆಲ್ಲೋ ಕ್ವಿಲ್. ಕೆಲ್ವಿಂಗ್‌ಟನ್ ಎಂಬ ಪುಟ್ಟ ಪಟ್ಟಣದ ಸಮೀಪದಲ್ಲಿರುವ, ಸೋಟೋ ಎಂದು ಕರೆಯಲ್ಪಡುವ ಮೂಲನಿವಾಸಿ ಜನರ ನೆಲೆ ಅದು; 1874ರಲ್ಲಿ ಬ್ರಿಟಿಷ್ ರಾಜಮುಕುಟದ ಹೆಸರಿನಲ್ಲಿ ಆದ ನಾಲ್ಕನೆಯ ಒಡಂಬಡಿಕೆಯ ಸೀಮೆಯೊಳಗೆ ಬರುತ್ತದೆ. ಇಂಥ ಒಡಂಬಡಿಕೆಗಳ ಹಿಂದೆಯೇ, 1876ರಲ್ಲಿ, ಇಂಡಿಯನ್ ಆಕ್ಟ್ ಎಂಬ ಶಾಸನ ಬಂತು. (ದಿಕ್ಕು ತಪ್ಪಿದ ನಾವಿಕನೊಬ್ಬನ ಭ್ರಾಂತಿಯಿಂದ ನಮ್ಮ ಹೆಸರನ್ನು ಹೊರಬೇಕಾಗಿ ಬಂದ ಆ ಜನರ ಎದುರಿಗೆ, ನಿಜವಾದ ಇಂಡಿಯದವರಾದ ನೀವು ಹೋಗಿ ನಿಂತಾಗ ಪರಸ್ಪರ ಪರಿಚಯ ಹೇಗೆ ನಡೆಯುವುದೋ ನೋಡಬೇಕೆಂಬ ಕುತೂಹಲ ನನಗಿದೆ.) ಆ ಶಾಸನದ ಮೇರೆಗೆ ಮೂಲನಿವಾಸಿಗಳಿಗೆಂದು ಮೀಸಲಾದ ಭೂಮಿಯು ಪ್ರಾಂತ್ಯದ ಆಡಳಿತಕ್ಕೆ ಸೇರದೆ ಒಟ್ಟಾವಾದ ಕೇಂದ್ರ ಸರ್ಕಾರದ ಅಧೀನದಲ್ಲಿಯೇ ಉಳಿಯಿತು. ಮೇಲುನೋಟಕ್ಕೆ ಇದು ಕಚೇರಿಗಳ ಗಡಿ ಗುರುತಿಸುವ ಸಾಮಾನ್ಯ ವ್ಯವಸ್ಥೆಯಂತೆ ಕಾಣುತ್ತದೆ; ಆದರೆ ನಿಮ್ಮ ಮನೆಯ ನಲ್ಲಿಯ ನೀರಿಗೆ ಪ್ರಾಂತ್ಯದ ಕಾನೂನಿನ ಕಾವಲಿದ್ದು, ಅದು ಕೆಟ್ಟರೆ ಇಂಥವರು ಹೊಣೆಯೆಂದು ಹೇಳಲು ಬರುವಾಗ, ಬೇಲಿಯಾಚೆಯ ಮೀಸಲುಭೂಮಿಯ ನೀರಿಗೆ ಮಾರ್ಗಸೂಚಿಯಿದ್ದೂ ಕಾನೂನಿಲ್ಲ, ಅಧಿಕಾರಿಯಿದ್ದೂ ಹೊಣೆಗಾರನಿಲ್ಲ ಎಂಬ ಸ್ಥಿತಿ ದಶಕಗಳ ಕಾಲ ನಡೆದುಬಂದದ್ದು ಈ ಗಡಿಯಿಂದಲೇ. 2013ರಲ್ಲಿ ಒಂದು ಶಾಸನ ಬಂದಿತು. ಹಣವನ್ನು ಕೊಡದೆ ಹೊಣೆಯನ್ನು ಮಾತ್ರ ಹೊರಿಸುತ್ತದೆಂದು ಮೂಲನಿವಾಸಿಗಳು ಅದನ್ನು ಒಪ್ಪಲಿಲ್ಲ. 2022ರಲ್ಲಿ ಅದು ರದ್ದಾಯಿತು. ಅನಂತರ ಸಿದ್ಧವಾದ ಹೊಸ ಮಸೂದೆ 2025ರ ಆರಂಭದಲ್ಲಿ ಪಾರ್ಲಿಮೆಂಟಿನ ಅಧಿವೇಶನ ಮುಗಿದುದರೊಡನೆ ತಾನೂ ಮುಗಿಯಿತು.

ವಿನಿಪೆಗ್ ನಗರದಲ್ಲಿರುವ ಬಂಧುಗಳು ಇಲ್ಲಿ ಒಂದು ಕ್ಷಣ ನಿಲ್ಲಬೇಕು. ನಿಮ್ಮ ನಲ್ಲಿಯ ನೀರು ಸುಮಾರು 156 ಕಿಲೋಮೀಟರು ದೂರದ ಶೋಲ್ ಸರೋವರದಿಂದ, 1919ರಲ್ಲಿ ಮುಗಿದ ಒಂದು ಕಾಲುವೆಯ ಮೂಲಕ, ಬಹುಮಟ್ಟಿಗೆ ಭೂಮಿಯ ಇಳಿಜಾರನ್ನೇ ನೆಚ್ಚಿಕೊಂಡು ಹರಿದುಬರುತ್ತದೆ. ಎಂಜಿನಿಯರಿಂಗಿನ ದೃಷ್ಟಿಯಿಂದ ಅದು ಶ್ಲಾಘ್ಯವಾದ ಕೃತಿ. ಆ ಕೃತಿಗಾಗಿ ದಡದಲ್ಲಿದ್ದ ಶೋಲ್ ಲೇಕ್ 40 ಎಂಬ ಮೂಲನಿವಾಸಿ ನೆಲೆಯ ಜಮೀನನ್ನು ವಶಪಡಿಸಿಕೊಂಡು, ಕಾಲುವೆ ತೋಡಿ, ಅವರ ಊರನ್ನು ಕೃತಕ ದ್ವೀಪವನ್ನಾಗಿ ಮಾಡಿದರು. ಅದೇ ಸರೋವರದ ನೀರನ್ನು ಕುದಿಸಿಯೇ ಕುಡಿಯಬೇಕೆಂದು ಆ ಊರಿಗೆ 1997ರಲ್ಲಿ ಆಜ್ಞೆಯಾಗಿ, ಶುದ್ಧೀಕರಣದ ಸ್ಥಾವರ ಬಂದು ಆಜ್ಞೆ ತೆರವಾದದ್ದು 2021ರಲ್ಲಿ. ಇಪ್ಪತ್ತನಾಲ್ಕು ವರ್ಷ ನೀವು ಅವರ ನೀರನ್ನು ಕುಡಿದಿರಿ, ಅವರು ಬಾಟಲಿಯದನ್ನು ಕುಡಿದರು.

ಇನ್ನು ಯೆಲ್ಲೋ ಕ್ವಿಲ್ಲಿನ ಸಂಗತಿಗೆ ಬರುತ್ತೇನೆ. ಏಕೆಂದರೆ ಅನ್ಯಾಯದ ಕಥೆಗಳು ಬೇಕಾದಷ್ಟಿವೆ, ಅನ್ಯಾಯವನ್ನು ಪರಿಹರಿಸಿದ ಬಗೆ ತಿಳಿಸುವ ಕಥೆಗಳು ವಿರಳ. ಈ ಊರಿನವರು ಪೈಪ್‌ಸ್ಟೋನ್ ಎಂಬ ತೊರೆಯಿಂದ ನೀರನ್ನು ಪಡೆಯುತ್ತಿದ್ದರು. ತೊರೆ ಎಂದೊಡನೆ ನಮ್ಮ ಮಲೆನಾಡಿನ ಹಳ್ಳವನ್ನು ನೆನೆಯಬೇಡಿ: ಇದು ವರ್ಷಕ್ಕೊಮ್ಮೆ ವಸಂತದಲ್ಲಿ ಹಿಮ ಕರಗಿದಾಗ ಕೆಲವು ದಿನ ಹರಿದು ಮಿಕ್ಕ ಕಾಲ ಸುಮ್ಮನಿರುವ ತೊರೆ, ಅಷ್ಟು ದಿನದಲ್ಲಿ ತುಂಬಿಟ್ಟುಕೊಂಡ ಕೊಳದ ನೀರೇ ವರ್ಷವಿಡೀ ಗತಿ. ಮೇಲಿನ ಊರಿನ ಚರಂಡಿಯ ನೀರೂ ಅದೇ ಹರಿವಿನಲ್ಲಿ ಸೇರಿಬರುತ್ತಿತ್ತು. ದೇಶದಲ್ಲಿಯೇ ಅತ್ಯಂತ ಕೆಟ್ಟ ಕಚ್ಚಾ ನೀರುಗಳಲ್ಲಿ ಒಂದೆಂದು ಹೆಸರಾದ ಅದನ್ನು ಕುದಿಸಿ ಕುಡಿಯತಕ್ಕದ್ದೆಂದು 1995ರಲ್ಲಿ ಹೊರಟ ಸೂಚನೆ 2004ರವರೆಗೆ ಜಾರಿಯಲ್ಲಿತ್ತು. ಈ ‘ಕುದಿಸಿ ಕುಡಿಯಿರಿ’ ಎಂಬ ಸೂಚನೆಯ ವಿಷಯದಲ್ಲಿ, ನಾಲ್ಕು ತಲೆಮಾರಿನಿಂದ ಕಾಯಿಸಿ ಆರಿಸಿ ಕುಡಿಯುತ್ತ ಬಂದಿರುವ ನಮ್ಮವರಿಗೆ ಅಷ್ಟೇನೂ ಕಷ್ಟ ತೋರದಿರಬಹುದು. ಆದರೆ ಕುದಿಸುವುದರಿಂದ ಸಾಯುವುದು ಕ್ರಿಮಿ ಮಾತ್ರ. ನೀರಿನಲ್ಲಿ ಆರ್ಸೆನಿಕ್ಕಿನಂಥ ವಿಷವಿದ್ದರೆ, ನೀರು ಆವಿಯಾಗಿ ಹೋದಷ್ಟೂ ಪಾತ್ರೆಯಲ್ಲುಳಿದ ಅದರ ಪ್ರಮಾಣ ಲೀಟರಿಗೆ ಹೆಚ್ಚುತ್ತ ಹೋಗುತ್ತದೆಯೇ ಹೊರತು ಕಡಮೆಯಾಗುವುದಿಲ್ಲ. ಫ್ಲೋರೈಡಿಗೂ ಇದೇ ನ್ಯಾಯ. ನಮ್ಮೂರಿನಲ್ಲಿ ವೈದ್ಯರ ಮಾತು ಕೇಳಿ ಶ್ರದ್ಧೆಯಿಂದ ನೀರನ್ನು ಇಮ್ಮಡಿ ಹೊತ್ತು ಕುದಿಸುತ್ತಿದ್ದ ತಾಯಂದಿರನ್ನು ನೆನೆದರೆ ಈಗಲೂ ಮನಸ್ಸಿಗೆ ಕಸಿವಿಸಿಯಾಗುತ್ತದೆ.

ತೊರೆಯನ್ನು ಬಿಟ್ಟು ನೆಲದಾಳದ ನೀರಿಗೆ ಹೋಗುವುದೆಂದು ನಿಶ್ಚಯವಾಯಿತು. ನೆಲದಾಳದ ನೀರು ಕ್ರಿಮಿಗಳಿಂದ ಬಹುಮಟ್ಟಿಗೆ ಮುಕ್ತವಾದದ್ದೇನೋ ಸರಿ. ಆದರೆ ಆ ಹುಲ್ಲುಗಾವಲ ಸೀಮೆಯ ಕೆಳಗಿರುವುದು ಹಿಮಯುಗದ ಹಿಮನದಿಗಳು ಅರೆದು ಬಿಟ್ಟುಹೋದ ಮಣ್ಣು, ಅದರ ಕೆಳಗೆ ಪ್ರಾಚೀನ ಸಮುದ್ರದ ತಳದ ಜೇಡಿಪದರ. ಗಾಳಿಯ ಸ್ಪರ್ಶವಿಲ್ಲದೆ ಸಾವಿರಾರು ವರ್ಷ ಅಲ್ಲಿ ತಂಗಿದ ನೀರು ಕಬ್ಬಿಣವನ್ನೂ ಮ್ಯಾಂಗನೀಸನ್ನೂ ಸಲ್ಫೇಟನ್ನೂ ಕರಗಿಸಿಕೊಂಡು, ಅಮೋನಿಯವನ್ನು ಹೊತ್ತು, ಕೊಳೆತ ಸಸ್ಯದ ಅಂಶವನ್ನು ಚಹದ ಕಷಾಯದಂತೆ ಬೆರೆಸಿಕೊಂಡು, ಇವೆಲ್ಲದರ ನಡುವೆ ಆರ್ಸೆನಿಕ್ಕನ್ನೂ ಅಡಗಿಸಿಕೊಂಡು ಮೇಲೆ ಬರುತ್ತದೆ. ಒಂದೊಂದೇ ದೋಷವಿರುವ ನೀರನ್ನು ತಿದ್ದುವ ವಿಧಾನ ಪುಸ್ತಕದಲ್ಲಿರುತ್ತದೆ. ಹಲವು ದೋಷಗಳು ಕೂಡಿದ ನೀರಿನಲ್ಲಿ ಒಂದರ ಔಷಧ ಮತ್ತೊಂದರ ಅಪಥ್ಯವಾಗುವುದು ಕಷ್ಟದ ಮೂಲ. ಕ್ಲೋರಿನ್ನನ್ನೇ ತೆಗೆದುಕೊಳ್ಳಿ: ಕ್ರಿಮಿಯನ್ನು ಕೊಲ್ಲಲೆಂದು ಅದನ್ನು ಹಾಕಿದರೆ, ಕ್ರಿಮಿಯ ಬಳಿ ಹೋಗುವ ಮೊದಲೇ ಅಮೋನಿಯ ಅದನ್ನು ತಿಂದುಬಿಡುತ್ತದೆ. ಅಮೋನಿಯದಲ್ಲಿನ ಒಂದು ಮಿಲಿಗ್ರಾಂ ನೈಟ್ರೊಜನ್ನಿಗೆ ಲೆಕ್ಕದ ಮೇರೆಗೆ ಏಳೂವರೆ ಮಿಲಿಗ್ರಾಮಿಗಿಂತ ಹೆಚ್ಚು, ವ್ಯವಹಾರದಲ್ಲಿ ಹತ್ತರವರೆಗೆ, ಕ್ಲೋರಿನ್ ಬೇಕು. ಹಟ ಹಿಡಿದು ಅಷ್ಟನ್ನೂ ಸುರಿದಿರೋ, ಸಸ್ಯಾಂಶದೊಡನೆ ಅದು ಸೇರಿ ಟ್ರೈಹ್ಯಾಲೊಮೀಥೇನ್ ಎಂಬ ಹೊಸ ವಿಷವರ್ಗವನ್ನು ಹುಟ್ಟಿಸುತ್ತದೆ. ರೋಗಿಯ ಕೆಮ್ಮಿಗೆ ಕೊಟ್ಟ ಮದ್ದು ಹೊಟ್ಟೆಯನ್ನು ಕೆಡಿಸಿತೆಂದು ಹೊಟ್ಟೆಗೆ ಕೊಟ್ಟ ಮದ್ದು ಕಣ್ಣನ್ನು ಕೆಡಿಸಿದಂತೆ.

ಈ ಗೋಜಿನಲ್ಲಿ ಕೈಹಾಕಿದವರು ಹಾನ್ಸ್ ಪೀಟರ್ಸನ್ ಎಂಬ ವಿಜ್ಞಾನಿ. ಅವರು ಮಾಡಿದ ಕಾರ್ಯದಲ್ಲಿ ನನಗೆ ಮುಖ್ಯವೆಂದು ತೋರುವುದು ಅವರು ಕಂಡುಹಿಡಿದ ಯಂತ್ರಕ್ಕಿಂತ ಹೆಚ್ಚಾಗಿ ಅವರು ತೆಗೆದುಕೊಂಡ ಕಾಲ. ಬೇರೊಂದು ಊರಿನ ಬೇರೊಂದು ನೀರಿಗೆ ಒಪ್ಪಿದ ನಕ್ಷೆಯನ್ನು ತಂದು ಇಲ್ಲಿ ಕಟ್ಟಿಸಿ, ಬಿಲ್ಲು ಪಾಸು ಮಾಡಿಸಿಕೊಂಡು ಹೋಗುವುದು ರೂಢಿಯಾಗಿದ್ದ ದಿನಗಳಲ್ಲಿ, ಅವರು ಸುಮಾರು ಇಪ್ಪತ್ತು ತಿಂಗಳ ಕಾಲ ಆ ಊರಿನಲ್ಲಿಯೇ, ಆ ಬಾವಿಯ ನೀರಿನ ಮೇಲೆಯೇ, ಸಣ್ಣ ಪ್ರಮಾಣದ ಪ್ರಯೋಗಘಟಕವನ್ನಿಟ್ಟುಕೊಂಡು, ಆ ನೆಲೆಯವರನ್ನೇ ಜೊತೆಗೂಡಿಸಿಕೊಂಡು, ಪುಸ್ತಕದ ವಿಧಾನಗಳು ಒಂದೊಂದಾಗಿ ಸೋಲುವುದನ್ನು ನೋಡಿದರು. ಸೋಲುವುದನ್ನು ನೋಡಲು ಕೂಡ ಹಣವೂ ಸಹನೆಯೂ ಬೇಕಾಗುತ್ತದೆಂಬುದನ್ನು ಟೆಂಡರು ಬರೆಯುವವರು ಒಪ್ಪುವುದಿಲ್ಲ. ಒಪ್ಪಿದ್ದರೆ ಜಗತ್ತಿನ ಹಳ್ಳಿಹಳ್ಳಿಗಳಲ್ಲಿ ಬೀಗ ಹಾಕಿದ ನೀರಿನ ಘಟಕಗಳು ಇಷ್ಟೊಂದು ಇರುತ್ತಿರಲಿಲ್ಲ.

ಕಡೆಗೆ ಕೈಹಿಡಿದದ್ದು ರಾಸಾಯನಿಕವಲ್ಲ, ಆ ನೀರಿನೊಡನೆ ಬಂದ ಸೂಕ್ಷ್ಮಜೀವಿಗಳೇ. ಬಾವಿಯ ನೀರಿಗೆ ಗಾಳಿಯನ್ನು ಊಡಿ, ರಂಧ್ರಮಯವಾದ ಕಣಗಳನ್ನು ತುಂಬಿದ ಸೋಸುಬಾನಿಗಳ ಮೂಲಕ ನಿಧಾನವಾಗಿ ಹಾಯಿಸಿದರೆ, ಕೆಲವು ವಾರಗಳಲ್ಲಿ, ಕೆಲವೊಮ್ಮೆ ತಿಂಗಳುಗಳಲ್ಲಿ, ಕಣಗಳ ಮೇಲೆ ಬ್ಯಾಕ್ಟೀರಿಯಗಳ ತೆಳುವಾದ ಪದರವೊಂದು ನೆಲೆಗೊಳ್ಳುತ್ತದೆ. ಮೊದಲ ಬಾನಿಯಲ್ಲಿ ನೆಲೆಸಿದವು ಕರಗಿದ ಕಬ್ಬಿಣವನ್ನು ತುಕ್ಕಾಗಿ ಮಾರ್ಪಡಿಸುತ್ತವೆ. ಆ ಹಸಿತುಕ್ಕಿಗೆ ಆರ್ಸೆನಿಕ್ಕು ಅಂಟಿಕೊಂಡು ಅಲ್ಲಿಯೇ ಸಿಕ್ಕಿಬೀಳುತ್ತದೆ. ಮುಂದಿನ ಬಾನಿಗಳಲ್ಲಿ ನೆಲೆಸಿದವು ಅಮೋನಿಯವನ್ನು ನೈಟ್ರೈಟಾಗಿಯೂ ನೈಟ್ರೈಟನ್ನು ನೈಟ್ರೇಟಾಗಿಯೂ ಮಾಡುತ್ತವೆ, ಸಸ್ಯಾಂಶದಲ್ಲಿ ಜೀರ್ಣಿಸಿಕೊಳ್ಳಬಲ್ಲಷ್ಟನ್ನು ಉಂಡುಬಿಡುತ್ತವೆ. ನೆಲದಡಿಯ ನೀರು ಆ ದೇಶದಲ್ಲಿ ನಮ್ಮ ತಂಗಳಪೆಟ್ಟಿಗೆಯ ನೀರಿನಷ್ಟು ಶೀತಲವಾಗಿರುವುದರಿಂದ ಅದರಲ್ಲಿ ಜೀವಿಗಳು ಕೆಲಸ ಮಾಡಲಾರವೆಂದು ಶಂಕಿಸುವುದು ಸಹಜ. ಚಳಿಗಾಲದಲ್ಲಿ ಹಾಲಿಗೆ ಹೆಪ್ಪು ಹಾಕಿ ಗಟ್ಟಿ ಮೊಸರಿಗಾಗಿ ಕಾದ ಗೃಹಿಣಿಯನ್ನು ಕೇಳಿದ್ದರೆ ಆಕೆ ಹೇಳುತ್ತಿದ್ದಳು: ಹೆಪ್ಪು ಕೆಟ್ಟಿಲ್ಲ, ಹೊತ್ತು ಸಾಲದು. ಯೆಲ್ಲೋ ಕ್ವಿಲ್ಲಿನಲ್ಲಿ ಆ ಹೊತ್ತನ್ನು ಕೊಟ್ಟರು, ಹೆಪ್ಪು ಹತ್ತಿತು.

ಬಾನಿಗಳನ್ನು ದಾಟಿದ ನೀರು ಕೊನೆಗೆ ರಿವರ್ಸ್ ಆಸ್ಮೋಸಿಸ್ ಪೊರೆಯನ್ನು ಹಾದು, ಉಳಿದ ಲವಣಗಳನ್ನು ಅಲ್ಲಿ ಬಿಟ್ಟು, ತೀರ ಬೋಳಾದ ನೀರು ಕೊಳವೆಯನ್ನೇ ಕೊರೆಯುವುದರಿಂದ ಹದವಾಗಿ ಖನಿಜವನ್ನು ಮರಳಿ ಪಡೆದು, ಅಲ್ಪಮಾತ್ರ ಕ್ಲೋರಿನ್ನಿನ ರಕ್ಷೆಯೊಡನೆ ಮನೆಗಳಿಗೆ ಹೊರಡುತ್ತದೆ. ಈ ಪೊರೆಯ ಯಂತ್ರ ನಿಮಗೆಲ್ಲ ಗೊತ್ತು. ನಮ್ಮ ಹಳ್ಳಿಗಳಲ್ಲಿ ‘ಫಿಲ್ಟರ್ ನೀರಿನ ಘಟಕ’ವೆಂದು ಕರೆಯುವ, ನಾಣ್ಯ ಹಾಕಿದರೆ ಇಪ್ಪತ್ತು ಲೀಟರು ಸುರಿಸುವ ತಗಡಿನ ಕೋಣೆಯೊಳಗಿರುವುದೂ ಅದೇ. ನಮ್ಮೂರಿಗೂ ಒಂದು ಬಂತು. ಉದ್ಘಾಟನೆಯ ದಿನ ನಾನೂ ಚಪ್ಪಾಳೆ ತಟ್ಟಿದವನೇ. ನಮ್ಮ ನೀರಿನ ಗಡಸು ಎಷ್ಟು, ಅದರಲ್ಲಿ ಸಿಲಿಕ ಎಷ್ಟು ಎಂದು ಯಾರೂ ಅಳೆದುದನ್ನು ನಾನು ಕಾಣೆ. ಪೊರೆ ಕಟ್ಟಿಕೊಂಡಿತು, ಹೊಸ ಪೊರೆ ಬಂತು, ಅದೂ ಕಟ್ಟಿಕೊಂಡಿತು, ಗುತ್ತಿಗೆಯವರು ದೂರವಾಣಿಗೆ ಸಿಕ್ಕದಾದರು, ನಾಣ್ಯದ ಡಬ್ಬಿಯ ಸೀಳಿನಲ್ಲಿ ಕಣಜದ ಹುಳು ಮಣ್ಣಿನ ಗೂಡು ಕಟ್ಟಿತು. ಘಟಕ ನಡೆಯುತ್ತಿದ್ದ ದಿನಗಳಲ್ಲಿಯೂ ಪೊರೆಯು ತಳ್ಳಿಹಾಕಿದ, ಫ್ಲೋರೈಡು ಮತ್ತಷ್ಟು ಸಾಂದ್ರವಾದ ನೀರು ಹಿಂದಿನ ಗುಂಡಿಯಲ್ಲಿ ಇಂಗಿ ಬಂದ ದಾರಿಯನ್ನೇ ಹಿಡಿಯುತ್ತಿತ್ತು. ಯಂತ್ರ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಯೆಲ್ಲೋ ಕ್ವಿಲ್ಲಿನಲ್ಲಿ ಅದೇ ಜಾತಿಯ ಯಂತ್ರ ನಡೆಯಿತು. ಕಾರಣವೇನೆಂದರೆ, ಪೊರೆಯ ಮೇಲೆ ಲೋಳೆ ಬೆಳೆಯುವುದಕ್ಕೆ ಬೇಕಾದ ಆಹಾರವನ್ನು ಹಿಂದಿನ ಬಾನಿಗಳ ಜೀವಿಗಳು ಮೊದಲೇ ತಿಂದು ಮುಗಿಸುತ್ತಿದ್ದುದರಿಂದ, ಪೊರೆಯ ಮೇಲೆ ಬೆಳೆಯಬೇಕೆಂದ ಲೋಳೆ ಉಪವಾಸ ಬೀಳುತ್ತಿತ್ತು. ಅಲ್ಲದೆ, ಗಾಳಿಯಿಲ್ಲದ ಆಳದಲ್ಲಿ ಆರ್ಸೆನಿಕ್ಕು ಇರುವ ರೂಪವನ್ನು ಪೊರೆಯೊಂದೇ ಸರಿಯಾಗಿ ತಡೆಯಲಾರದು. ಮೊದಲು ಅದನ್ನು ಉತ್ಕರ್ಷಿಸಬೇಕು ಎಂಬ, ನಾನು ತರಗತಿಯಲ್ಲಿ ಎಷ್ಟೋ ಸಲ ಹೇಳಿ ಮಕ್ಕಳಿಂದ ಬಾಯಿಪಾಠ ಮಾಡಿಸಿದ ಸಂಗತಿ, ಒಂದು ಊರಿನ ಜನರ ಆಯುಸ್ಸಿನ ಪ್ರಶ್ನೆಯಾಗಬಲ್ಲುದೆಂದು ನನಗೆ ಅರ್ಥವಾದದ್ದು ನಿವೃತ್ತಿಯ ಅನಂತರ, ನಿಮ್ಮ ಊರಿನ ಗ್ರಂಥಾಲಯದಲ್ಲಿ.

2004ರಲ್ಲಿ ಯೆಲ್ಲೋ ಕ್ವಿಲ್ಲಿನ ಸೂಚನೆ ತೆರವಾಯಿತು. ಜಾರ್ಜ್ ಗಾರ್ಡನ್, ಸ್ಯಾಡಲ್ ಲೇಕ್ ಮೊದಲಾದ ಬೇರೆ ನೆಲೆಗಳೂ ಇದೇ ಕ್ರಮವನ್ನು ತಂತಮ್ಮ ನೀರಿಗೆ ಹೊಂದಿಸಿಕೊಂಡವು. ಆದರೆ ಸ್ಥಾವರ ಕಟ್ಟಿ ಮುಗಿದ ಮಾತ್ರಕ್ಕೆ ನೀರು ಶುದ್ಧವಾಗಿಯೇ ಇರುವುದಿಲ್ಲವಷ್ಟೆ. ಮೈನಸ್ ನಲವತ್ತರ ಚಳಿಯ ರಾತ್ರಿ ಮೋಟಾರು ನಿಂತಾಗ ಹಾಸಿಗೆಯಿಂದೆದ್ದು ಹೋಗುವ ಒಬ್ಬ ಮನುಷ್ಯ ಬೇಕು. ಸಣ್ಣ ನೆಲೆಗಳಲ್ಲಿ ಆ ಮನುಷ್ಯ ಸಾಧಾರಣವಾಗಿ ಒಬ್ಬರೇ. ಅವರು ಜ್ವರ ಬಂದು ಮಲಗಿದರೆ ಸ್ಥಾವರಕ್ಕೂ ಜ್ವರ. ತರಬೇತಿ ಪಡೆದು ನುರಿತರೆ ಪಕ್ಕದ ಪಟ್ಟಣದವರು ಹೆಚ್ಚಿನ ಸಂಬಳ ಕೊಟ್ಟು ಕರೆದುಕೊಳ್ಳುತ್ತಾರೆ. ಬಹುಕಾಲ ಕೇಂದ್ರ ಸರ್ಕಾರವು ತಾನೇ ಹಾಕಿದ ಸೂತ್ರದ ಪ್ರಕಾರ ನಿರ್ವಹಣೆಯ ವೆಚ್ಚದ ನೂರಕ್ಕೆ ಎಂಬತ್ತನ್ನು ಮಾತ್ರ ಕೊಟ್ಟು, ಉಳಿದ ಇಪ್ಪತ್ತನ್ನು ಬೇರೆ ಆದಾಯವಿಲ್ಲದ ನೆಲೆಗಳೇ ಹೊಂದಿಸಿಕೊಳ್ಳಲೆಂದು ಬಿಟ್ಟಿತ್ತು. 2020ರ ಕೊನೆಯಲ್ಲಿ ಅದನ್ನು ನೂರಕ್ಕೆ ನೂರು ಮಾಡುವುದಾಗಿ ಸಾರಿತು. 2015ರಲ್ಲಿ ಅಧಿಕಾರಕ್ಕೆ ಬಂದ ಪ್ರಧಾನಿ ಟ್ರೂಡೋ ಅವರ ಸರ್ಕಾರ, ಆಗ ದೇಶದ ಮೂಲನಿವಾಸಿ ನೆಲೆಗಳಲ್ಲಿ ನೂರೈದಿದ್ದ ದೀರ್ಘಾವಧಿಯ ಸೂಚನೆಗಳನ್ನೆಲ್ಲ 2021ರ ಮಾರ್ಚಿನೊಳಗೆ ತೆಗೆದುಹಾಕುವುದಾಗಿ ಮಾತು ಕೊಟ್ಟಿತು. ಬಹಳಷ್ಟು ತೆರವಾದವು ಎಂಬುದನ್ನು ನ್ಯಾಯವಾಗಿ ಒಪ್ಪಬೇಕು. ಗಡುವು ಮೀರಿತು ಎಂಬುದನ್ನೂ ಒಪ್ಪಬೇಕು. ಅದೇ 2021ರಲ್ಲಿ ಮೂಲನಿವಾಸಿಗಳು ಹೂಡಿದ್ದ ಸಾಮೂಹಿಕ ದಾವೆಯಲ್ಲಿ 8 ಬಿಲಿಯನ್ ಡಾಲರುಗಳ ಒಪ್ಪಂದವಾಯಿತು. ದಾವೆಗೆ ಮುಂದಾದವರಲ್ಲಿ ಒಂಟಾರಿಯೋದ ಉತ್ತರದಲ್ಲಿರುವ ನೆಸ್ಕಾಂಟಾಗ ನೆಲೆಯೂ ಒಂದು. ಅಲ್ಲಿ ನೀರನ್ನು ಕುದಿಸಬೇಕೆಂಬ ಸೂಚನೆ 1995ರ ಫೆಬ್ರವರಿ 1ರಂದು ಹೊರಟಿತು; ಮೂವತ್ತು ವರ್ಷ ತುಂಬಿದ ದಿನವೂ ಅದು ಹಾಗೆಯೇ ಇತ್ತು.

ಇದನ್ನೆಲ್ಲ ಕೇವಲ ತಂತ್ರದ ಮತ್ತು ಲೆಕ್ಕದ ಮಾತಾಗಿ ಹೇಳಿದರೆ ಆ ಜನರಿಗೆ ನೀರೆಂದರೆ ಏನೆಂಬುದು ಬಿಟ್ಟುಹೋಗುತ್ತದೆ. ಸೋಟೋ ಜನರು ಅನಿಶಿನಾಬೆ ಎಂಬ ದೊಡ್ಡ ಬಳಗಕ್ಕೆ ಸೇರಿದವರು. ಆ ಬಳಗದಲ್ಲಿ ನೀರನ್ನು ಕಾಯುವ ಹೊಣೆ ಹೆಂಗಸರದೆಂಬ ಸಂಪ್ರದಾಯವಿದೆ. ಜೋಸೆಫೀನ್ ಮಂಡಾಮಿನ್ ಎಂಬ ಅನಿಶಿನಾಬೆ ಅಜ್ಜಿಯೊಬ್ಬರು 2003ರಲ್ಲಿ ತಾಮ್ರದ ಪಾತ್ರೆಯಲ್ಲಿ ನೀರನ್ನು ಹೊತ್ತು ಸುಪೀರಿಯರ್ ಸರೋವರವನ್ನು ಕಾಲ್ನಡಿಗೆಯಲ್ಲಿ ಸುತ್ತುಹಾಕಿದರು, ಅನಂತರದ ವರ್ಷಗಳಲ್ಲಿ ಉಳಿದ ಮಹಾಸರೋವರಗಳನ್ನೂ ಸುತ್ತಿದರು, 2019ರಲ್ಲಿ ತೀರಿಕೊಂಡರು. ತಾಮ್ರದ ಪಾತ್ರೆ, ಅದರೊಳಗೆ ನೀರು, ಸುತ್ತಲೂ ಪ್ರದಕ್ಷಿಣೆ: ಇದನ್ನು ಓದಿದಾಗ, ಗಂಗೆಪೂಜೆಯ ದಿನ ಬಾವಿಯ ಕಟ್ಟೆಗೆ ಅರಿಸಿನ ಕುಂಕುಮ ಹಚ್ಚಿ ತಾಮ್ರದ ತಂಬಿಗೆಯನ್ನು ತುಂಬಿಕೊಂಡು ಬರುತ್ತಿದ್ದ ನನ್ನ ತಾಯಿಯ ನೆನಪಾಗದಿರಲು ಸಾಧ್ಯವೆ? ಎರಡೂ ಒಂದೇ ಎಂದು ಹೇಳುವ ಸಾಹಸಕ್ಕೆ ನಾನು ಹೋಗುವುದಿಲ್ಲ. ಅವರ ಆಚಾರಕ್ಕೆ ಅವರದೇ ಅರ್ಥವಿದೆ, ಅದನ್ನು ವಿವರಿಸುವ ಹಕ್ಕು ನನ್ನದಲ್ಲ. ಆದರೆ ಇಂಥ ಜನರ ಬಳಿಗೆ ನೀರಿನ ವಿಷಯ ಕಲಿಸಲೆಂದು ಹೋಗುವ ಎಂಜಿನಿಯರು ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಹೋಗುವ ಮನಸ್ಸಿನಿಂದ ಹೋಗುವುದು ಲೇಸು.

ನಿಮ್ಮಿಂದ ನಾನು ಕೇಳುವುದೇನೆಂಬುದನ್ನು ಇನ್ನು ನೇರವಾಗಿ ಹೇಳಿಬಿಡುತ್ತೇನೆ. ನಿಮ್ಮಲ್ಲಿ ಕೆಲವರು ಸಲಹಾ ಸಂಸ್ಥೆಗಳಲ್ಲಿ, ಕೆಲವರು ಸರ್ಕಾರದ ಕಚೇರಿಗಳಲ್ಲಿ, ಇಂಥ ಸ್ಥಾವರಗಳ ನಕ್ಷೆ ಬರೆಯುವ ಅಥವಾ ಅಂದಾಜುಪಟ್ಟಿಯನ್ನು ಪರಿಶೀಲಿಸುವ ಮೇಜಿನ ಹಿಂದೆ ಕುಳಿತಿದ್ದೀರಿ. ಆ ಮೇಜಿಗೆ ಒಂದು ಸಣ್ಣ ನೆಲೆಯ ಕಡತ ಬಂದಾಗ, ಆ ಊರಿನ ನೀರನ್ನು ನಾಲ್ಕು ಋತುಗಳಲ್ಲಿಯೂ ಪರೀಕ್ಷಿಸಿದ ವರದಿ ಅದರಲ್ಲಿದೆಯೆ, ಒಂದೇ ಬಾಟಲಿಯ ಫಲಿತಾಂಶದ ಮೇಲೆ ಇಪ್ಪತ್ತು ವರ್ಷದ ಯಂತ್ರ ನಿಂತಿದೆಯೆ ಎಂದು ನೋಡಿರಿ. ಸ್ಥಳದಲ್ಲಿ ಪ್ರಯೋಗಘಟಕಕ್ಕೆ ಹಣ ತೆಗೆದಿಟ್ಟಿರದಿದ್ದರೆ ಕಡತವನ್ನು ಹಿಂದಕ್ಕೆ ಕಳುಹಿಸಿರಿ. ತಡವಾಯಿತೆಂದು ಮೇಲಿನವರು ಗೊಣಗಿಯಾರು. ಎಲ್ಲಕ್ಕಿಂತ ಕಡಮೆ ದರ ಬರೆದವರಿಗೇ ಕೆಲಸವೆಂಬ ನಿಯಮ ನಿಮ್ಮ ಕೈಮೀರಿದ್ದಾದರೆ, ಹತ್ತು ವರ್ಷದ ನಿರ್ವಹಣೆಯ ಖರ್ಚನ್ನು ಆ ದರದೊಳಗೆ ಕೂಡಿಸಿ ನೋಡಬೇಕೆಂದಾದರೂ ಟಿಪ್ಪಣಿ ಬರೆಯಿರಿ. ಆಗ ಅಗ್ಗದ್ದು ಬಹುಶಃ ಅಗ್ಗವಾಗಿ ಕಾಣಲಾರದು. ನಿರ್ವಾಹಕರು ಒಬ್ಬರಲ್ಲ, ಇಬ್ಬರಿರಬೇಕೆಂದು ಬರೆಯಿರಿ. ಪೊರೆ ತಳ್ಳಿಹಾಕಿದ ನೀರು ಎಲ್ಲಿಗೆ ಹೋಗುತ್ತದೆಂದು ಕೇಳಿರಿ. ನಮ್ಮೂರಿನಲ್ಲಿ ಅದನ್ನು ಕೇಳುವವರಿರಲಿಲ್ಲ.

ಎಂಜಿನಿಯರುಗಳಲ್ಲದವರಿಗೆ ಕೆಲಸ ಕಡಮೆಯೇನಲ್ಲ. ನೀವು ಆ ದೇಶದ ಪೌರತ್ವ ಪಡೆಯುವಾಗ ಕೈಯೆತ್ತಿ ಹೇಳುವ ಪ್ರತಿಜ್ಞೆಯಲ್ಲಿ ಈಗ ಮೂಲನಿವಾಸಿಗಳ ಒಡಂಬಡಿಕೆಯ ಹಕ್ಕುಗಳ ಮಾತೂ ಸೇರಿದೆಯಷ್ಟೆ. ಕನ್ನಡಿಗನು ಕೊಟ್ಟ ಮಾತಿಗೆ ತಪ್ಪುವವನಲ್ಲವೆಂದು ಪುಣ್ಯಕೋಟಿಯ ಹೆಸರು ಹೇಳಿ ರಾಜ್ಯೋತ್ಸವದ ವೇದಿಕೆಗಳಲ್ಲಿ ನಾವು ಎದೆ ತಟ್ಟಿಕೊಳ್ಳುವುದುಂಟು. ನೀರಿನ ಹೊಸ ಶಾಸನಕ್ಕೆ ಪಾರ್ಲಿಮೆಂಟಿನ ಒಪ್ಪಿಗೆ ಬೇಕು; ನಿಮ್ಮ ಕ್ಷೇತ್ರದ ಸದಸ್ಯರು ದೀಪಾವಳಿಯ ಸಮಾರಂಭಕ್ಕೆ ಬಂದು ರೇಷ್ಮೆಯ ಶಾಲು ಹೊದಿಸಿಕೊಂಡು ಛಾಯಾಚಿತ್ರಕ್ಕೆ ನಿಲ್ಲುವಾಗ, ಆ ವಿಷಯದಲ್ಲಿ ತಮ್ಮ ಮತ ಯಾವ ಕಡೆಗೆಂದು ಒಬ್ಬರಾದರೂ ವಿನಯಪೂರ್ವಕವಾಗಿ ಕೇಳಬಹುದು. ಶಾಲು ಹೊದಿಸಿದ ಮೇಲೆ ಕೇಳಿರಿ. ಆಗ ಬೇಗನೆ ಹೊರಟುಹೋಗಲು ಅವರಿಗೆ ಸಂಕೋಚವಾಗುತ್ತದೆ.

ಇಷ್ಟು ದೂರದಿಂದ ಉಪದೇಶ ಮಾಡುವ ಈ ಮುದುಕ ತನ್ನೂರಿನ ಬೀಗದ ಕೋಣೆಗೆ ಏನು ಮಾಡಿದನೆಂದು ನೀವು ಕೇಳಬಹುದು, ಕೇಳುವುದು ನ್ಯಾಯವೇ. ನಾಲ್ಕು ಅರ್ಜಿ ಬರೆದೆ. ಐದನೆಯದಕ್ಕೆ, ಯೆಲ್ಲೋ ಕ್ವಿಲ್ಲಿನಿಂದ ಕಲಿತ ಬುದ್ಧಿಯಿಂದ, ನಮ್ಮ ಕೊಳವೆಬಾವಿಯ ನೀರಿನ ಮೂರು ಋತುಗಳ ಪರೀಕ್ಷೆಯ ಫಲಿತಾಂಶವನ್ನು ಲಗತ್ತಿಸಿದ್ದೇನೆ. ನಾಲ್ಕನೆಯ ಋತುವಿಗೆ ಕಾಯುತ್ತಿದ್ದೇನೆ.

ದೈವ ಕೃಪೆಮಾಡಿದರೆ ಬರುವ ಬೇಸಗೆಯಲ್ಲಿ ಮತ್ತೆ ನಿಮ್ಮ ಊರಿಗೆ ಬರುವವನಿದ್ದೇನೆ. ಅಂದು ನನಗೆ ಲೋಟ ತುಂಬಿ ಕೊಟ್ಟ ತರುಣರು ದಯಮಾಡಿ ಒಂದು ಭಾನುವಾರ ಬಿಡುವು ಮಾಡಿಕೊಂಡು, ತಮ್ಮ ಕಾರಿನಲ್ಲಿ ನನ್ನನ್ನು ಕೆಲ್ವಿಂಗ್‌ಟನ್ನಿನ ದಾರಿಯಲ್ಲಿ ಕರೆದೊಯ್ಯಬೇಕು. ಮುಂಚಿತವಾಗಿ ಆ ನೆಲೆಯವರಿಗೆ ಪತ್ರ ಬರೆದು ಅವರ ಅನುಮತಿ ಪಡೆಯುವ ಕೆಲಸ ನನಗಿರಲಿ. ಅವರು ಬರಮಾಡಿಕೊಂಡರೆ, ಅವರ ನಲ್ಲಿಯ ನೀರನ್ನು ಒಂದು ಲೋಟ ಕುಡಿಯಬೇಕೆಂಬ ಆಸೆಯಿದೆ. ಕಾಯಿಸಿ ಆರಿಸಿದ್ದು ಬೇಕೆಂದು ಈ ಸಲ ಕೇಳುವುದಿಲ್ಲ.

ಇತಿ,
ನಿಮ್ಮ ಹಿತೈಷಿ,
ಪಾವಗಡ ಸೀಮೆಯ ಒಬ್ಬ ನಿವೃತ್ತ ಅಧ್ಯಾಪಕ